ನಿಧನಣ್ಣನ ಬಯೋಡೇಟಾ

ಒಂದೇ ಒಂದು ಪುಟದ ಬಯೋಡೇಟಾ. ಅಷ್ಟಕ್ಕೇ ನಿಧನಣ್ಣ ಬೆಳಗಿನಿಂದ ಬೆವರುತ್ತ ಕೂತಿದ್ದ. ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ನಿಧನ ವಾರ್ತೆ ಬರೆದದ್ದಕ್ಕೆ ಸಹೋದ್ಯೋಗಿಗಳು ಇಟ್ಟ ಹೆಸರು ಅದು. ಕೊನೆಗೆ ಆ ಪತ್ರಿಕೆಯೇ ಕಣ್ಣುಮುಚ್ಚಿತು. ಅದರ ಬಗ್ಗೆ ನಾಲ್ಕು ಸಾಲು ಬರೆ ಎಂದು ಮಾತ್ರ ಯಾರೂ ಅವನಿಗೆ ಹೇಳಲಿಲ್ಲ.

ಅಂದಿನಿಂದ ಗಂಡಹೆಂಡಿರ ವಾಸ ಭಾಮೈದನ ಮನೆಯ ಹಿಂದಿನ ಕೋಣೆಯಲ್ಲಿ. ಭಾಮೈದನಿಗೂ ಕೆಲಸವಿರಲಿಲ್ಲ, ಆದರೆ ಮನೆ ಅವನದು, ಹಾಗಾಗಿ ಮಾತೂ ಅವನದೇ. ಈಗ ಇನ್ನೊಂದು ಪತ್ರಿಕೆಯಲ್ಲಿ ಅದೇ ನಿಧನ ವಾರ್ತೆಯ ಕೆಲಸ ಖಾಲಿಯಿತ್ತು. ಅರ್ಜಿ ಕೊಡಲು ಇಂದೇ ಕೊನೆಯ ದಿನ. ಇದೂ ತಪ್ಪಿದರೆ ಸಾಯುವತನಕ ಹಂಗಿನ ಅನ್ನವೇ ಗತಿ.

“ಊರಿನ ಹೆಣಗಳನ್ನೆಲ್ಲ ಹೊಗಳಿ ಬರೆದೋರು, ನಿಮ್ಮ ಬಗ್ಗೆ ನಾಲ್ಕು ಸಾಲು ಬರಲ್ವೇನ್ರೀ?” ಎಂದಳು ಹೆಂಡತಿ.

“ಸತ್ತೋರು ಓದಲ್ಲ ಕಣೇ. ಇದನ್ನ ನಾನೇ ಓದ್ಬೇಕು.”

‘ಕಾರ್ಯದಕ್ಷ’ ಎಂದು ಬರೆದ, ನಾಚಿಕೆಯಾಗಿ ಹೊಡೆದುಹಾಕಿದ. ‘ಕಷ್ಟಪಟ್ಟು ದುಡಿಯುವವ’ ಎಂದು ಬರೆದ. ಮಾರಾಟಕ್ಕಿಟ್ಟ ಎತ್ತಿನ ವರ್ಣನೆಯಂತೆ ಕಂಡಿತು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಿಟಕಿಯಲ್ಲಿ ತಲೆ ತೂರಿಸಿದರು. “ಸಾಧನೆ ಬರೀರಿ, ಸಾಧನೆ.”

“ಏನು ಸಾಧನೆ ಮೇಷ್ಟ್ರೇ? ಬದುಕಿರೋ ಒಬ್ಬನನ್ನೂ ತಪ್ಪಿ ಸಾಯಿಸಿಲ್ಲ, ಅಷ್ಟೇ.”

“ಮತ್ತೆ ಅದನ್ನೇ ಬರೀರಿ.”

ಭಾಮೈದ ಸ್ಕೂಟರಿನ ಕೀಲಿ ತಿರುಗಿಸುತ್ತ ಬಂದು ನಿಂತ. “ಭಾವ, ಆಫೀಸ್ ಮುಚ್ಚೋ ಹೊತ್ತಾಯ್ತು. ನಾನೇ ಕೊಟ್ಟು ಬರ್ತೀನಿ, ಬೇಗ ಮುಗಿಸಿ.”

ನಿಧನಣ್ಣ ಕಣ್ಣು ಮುಚ್ಚಿದ. ಇವನು ತಾನಲ್ಲ, ಯಾರೋ ತೀರಿಕೊಂಡವನು ಎಂದುಕೊಂಡ. ಪೆನ್ನು ಸರಸರ ಓಡಿತು. ಸರಳ ಸಜ್ಜನಿಕೆಯ ಮನುಷ್ಯ. ಎರಡು ದಶಕ ತೆರೆಮರೆಯಲ್ಲೇ ದುಡಿದ ಜೀವ. ಯಾರ ಮನಸ್ಸನ್ನೂ ನೋಯಿಸದವರು. ಪತ್ನಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಇಷ್ಟು ಒಳ್ಳೆಯವನನ್ನು ಬದುಕಿರುವಾಗ ಯಾರೂ ಕಣ್ಣೆತ್ತಿ ನೋಡಲಿಲ್ಲವಲ್ಲ ಎಂದು ಬರೆಯುತ್ತ ಬರೆಯುತ್ತ ಅವನಿಗೇ ಸಂಕಟವಾಯಿತು. ತಿರುಗಿ ಓದಿ ತಿದ್ದುವ ಮೊದಲೇ ಭಾಮೈದ ಹಾಳೆ ಕಿತ್ತುಕೊಂಡು ಹೊರಟುಬಿಟ್ಟ.

ಸಂಜೆ ಅವನು ಸಿಹಿ ಪೊಟ್ಟಣ ಹಿಡಿದು ಬಂದ. “ಕೆಲಸ ಸಿಕ್ತು ಭಾವ.”

ಹೆಂಡತಿ ಕಣ್ಣೊರೆಸಿಕೊಂಡಳು. ನಿಧನಣ್ಣನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. “ಯಾವತ್ತಿಂದ ಬರ್ಬೇಕಂತೆ?”

“ನಿಮಗಲ್ಲ, ನನಗೆ. ಸಂಪಾದಕರು ಓದಿ ಕಣ್ಣೀರು ಹಾಕ್ಬಿಟ್ರು. ಛೆ, ಇಂಥ ಮನುಷ್ಯ ತೀರಿಕೊಂಡ್ರಾ ಅಂದ್ರು. ದೊಡ್ಡೋರು, ಎದುರು ಮಾತಾಡೋಕಾಗತ್ತಾ? ಸುಮ್ನಿದ್ದೆ. ಇಷ್ಟು ಚೆನ್ನಾಗಿ ಬರೆದೋರು ಯಾರು ಅಂದ್ರು. ಸತ್ತೋರೇ ಬರೆದಿದ್ದು ಅಂತ ಹೇಳೋಕಾಗಲ್ವಲ್ಲ, ನಾನೇ ಅಂದೆ. ನಾಳೆಯಿಂದ ಬಾ ಅಂದ್ರು.”

ನಿಧನಣ್ಣನಿಗೆ ಸಿಟ್ಟು ಬಂತು, ಆದರೆ ಸಿಟ್ಟು ಮಾಡಿಕೊಂಡು ಎದ್ದುಹೋಗಲು ಬೇರೆ ಮನೆಯಿರಲಿಲ್ಲ.

“ಯೋಚನೆ ಮಾಡ್ಬೇಡಿ. ಬರೆದುಕೊಡೋಕೆ ನೀವಿದ್ದೀರಲ್ಲ, ಮನೇಲಿ ಸುಮ್ನೆ ತಾನೆ ಕೂತಿರ್ತೀರಿ?” ಎಂದು ಭಾಮೈದ ಅವನ ಬೆನ್ನು ತಟ್ಟಿದ. “ಈಗ ಬೇಗ ಒಂದು ಒಳ್ಳೇ ಫೋಟೋ ಕೊಡಿ. ನಾಳೆ ಪೇಪರಲ್ಲಿ ನಿಮ್ಮದೇ ಮೊದಲು.”

ಹೆಂಡತಿ ಎದ್ದು ಪೆಟ್ಟಿಗೆ ತೆಗೆದು, ತಮ್ಮನ ಕಡೆ ತಿರುಗಿ ಕೇಳಿದಳು:

“ಮದುವೇದೇ ಕೊಡೋಣ್ವಾ? ಅದರಲ್ಲಾದ್ರೂ ನಗ್ತಾ ಇದ್ದಾರೆ.”