ಯಜಮಾನರ ಫೋಟೋಗೆ ಪೇಟ

ಬರೆಯುವುದು ನನ್ನ ಕೆಲಸವಲ್ಲ. ಅಕ್ಷರ ಕಲಿತದ್ದೇ ಸಿಟ್ಟಿನಿಂದ. ಯಜಮಾನರು ಮಿಲಿಟರಿಯಲ್ಲಿದ್ದಾಗ ನಾನು ರಾಜಾಜಿನಗರದ ಒಂದು ವಠಾರದಲ್ಲಿದ್ದೆ. ಅವರ ಕಾಗದಗಳನ್ನು ಪಕ್ಕದ ಮನೆಯ ಟೀಚರಮ್ಮ ಓದಿ ಹೇಳುತ್ತಿದ್ದರು. ಅವರದು ಕ್ಲಾಸಿನ ಗಂಟಲು. ‘ಹಬ್ಬದ ದಿನ ನಿನ್ನದೇ ನೆನಪು’ ಅನ್ನುವುದು ನನಗಿಂತ ಮೊದಲು ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರಿಗೆ ತಲುಪುತ್ತಿತ್ತು. ಮರ್ಯಾದೆ ಉಳಿಸಿಕೊಳ್ಳಲು ಮಗಳ ಒಂದನೇ ಕ್ಲಾಸಿನ ಪುಸ್ತಕ ಹಿಡಿದೆ. ಇವತ್ತಿಗೂ ಒತ್ತಕ್ಷರ ಎದುರಾದರೆ ನಿಂತು, ಉಸಿರು ಎಳೆದುಕೊಂಡು ದಾಟುತ್ತೇನೆ.

ಈಗಿನ ತಾಪತ್ರಯಕ್ಕೂ ಆ ಓದೇ ಕಾರಣ. ಅತ್ತಿಗುಪ್ಪೆಯ ನಮ್ಮ ಬೀದಿಯಲ್ಲಿ ಪ್ರತಿ ಆಗಸ್ಟ್ ಹದಿನೈದಕ್ಕೆ ಮಾಜಿ ಸೈನಿಕರಿಗೆ ಸನ್ಮಾನ. ಇರುವವರು ಮೂವರು, ಪೇಟ ಒಂದೇ. ಒಬ್ಬರ ತಲೆಗಿಟ್ಟು ಫೋಟೋ ಹೊಡೆದು, ಕಿತ್ತು ಇನ್ನೊಬ್ಬರಿಗೆ. ಕೊನೆಯವರ ತಲೆ ಸೇರುವ ಹೊತ್ತಿಗೆ ಅದು ಬೆಚ್ಚಗಿರುತ್ತದೆ. ಯಜಮಾನರು ಇರುವ ತನಕ ಎಷ್ಟು ಕರೆದರೂ ಹೋಗಲಿಲ್ಲ. ತೀರಿಕೊಂಡು ನಾಲ್ಕು ವರ್ಷವಾದ ಮೇಲೆ, ಈ ಸಲ ಅವರ ಫೋಟೋಗೇ ಸನ್ಮಾನ ಎಂದು ಸಂಘದ ಸೆಕ್ರೆಟರಿ ಮಂಜುನಾಥ ಬಂದ. ಮೈಕಿನಲ್ಲಿ ಓದುವ ಹಾಳೆಯನ್ನೂ ತಂದಿದ್ದ. ‘ಗಡಿಯಲ್ಲಿ ಬಂದೂಕು ಹಿಡಿದು ಶತ್ರುಗಳ ಎದೆ ನಡುಗಿಸಿದ ವೀರ’ ಎಂಬಲ್ಲಿಗೆ ನಾನು ಮುಟ್ಟುವಷ್ಟರಲ್ಲಿ ಅವನು ಎರಡು ಲೋಟ ಕಾಫಿ ಮುಗಿಸಿದ್ದ.

ಯಜಮಾನರು ಬಂದೂಕು ಹಿಡಿದದ್ದು ಟ್ರೈನಿಂಗಿನಲ್ಲಿ. ಆಮೇಲೆ ಹಿಡಿದದ್ದೆಲ್ಲ ಸೌಟು. ಪಡೆಗೆ ಅಡುಗೆಯವರು. ಕಾಗದದ ತುಂಬ ಅದೇ: ಇವತ್ತು ಹಿಮ ಬಿತ್ತು, ಬೇಳೆ ಬೇಯಲಿಲ್ಲ, ಹುಡುಗರು ಅರ್ಧ ಬೆಂದದ್ದನ್ನೇ ಉಂಡು ಪಹರೆಗೆ ಹೋದರು, ನನಗೆ ಅನ್ನ ಇಳಿಯಲಿಲ್ಲ. ಇಂಥ ಮಾತನ್ನು ಎದುರಿಗೆ ಕೂತು ಒಂದು ದಿನ ಆಡಿದವರಲ್ಲ. ರಿಟೈರಾಗಿ ಮನುಷ್ಯ ಮನೆಗೆ ಬಂದರು, ಮಾತು ಟಪಾಲಿನಲ್ಲೇ ಉಳಿಯಿತು. ಉಪ್ಪು ಸಾಕಾ ಎಂದರೆ ತಲೆ ಆಡಿಸುವರು. ಈಗ ಮತ್ತೆ ದೂರ ಹೋಗಿದ್ದಾರಲ್ಲ, ಹಳೇ ಚಾಳಿ, ಪೋಸ್ಟಿನವನು ಬಂದರೆ ಗೇಟಿನ ತನಕ ಹೋಗಿಬಿಡುತ್ತೇನೆ. ಅವನು ಬ್ಯಾಂಕಿನ ಕಾಗದ ಕೊಟ್ಟು ಹೋಗುತ್ತಾನೆ.

“ಮಂಜು, ಅವರು ಅಡುಗೆ ಮಾಡ್ತಿದ್ರು. ಹಂಗೇ ಓದಪ್ಪ,” ಅಂದೆ.

“ಅಮ್ಮಾ, ಸ್ಟೇಜ್ ಮೇಲೆ ಅಡುಗೆ ಅಂದ್ರೆ ಮದುವೆ ಕಾಂಟ್ರಾಕ್ಟರ್ ಅನ್ಕೋತಾರೆ.”

“ಹಂಗಾದ್ರೆ ಆ ಪೇಟ ನೀನೇ ಇಟ್ಕೋ. ಫೋಟೋ ಮೊಳೆಯಿಂದ ಇಳಿಯಲ್ಲ.”

ತಲೆ ಕೆರೆದುಕೊಂಡು ಒಪ್ಪಿದ. ಆ ದಿನ ಫೋಟೋವನ್ನು ಕುರ್ಚಿಯ ಮೇಲೆ ಕೂರಿಸಿ ಪೇಟ ಇಟ್ಟರೆ, ಅದು ಜಾರಿ ಯಜಮಾನರ ಮೀಸೆಯ ತನಕ ಇಳಿಯಿತು. ಜನ ನಕ್ಕರು, ನಾನೂ ನಕ್ಕೆ. ಹಿಮದಲ್ಲಿ ಬೇಳೆ ಬೇಯಿಸಿದವರು ಎಂದು ಮಂಜು ಓದಿದ. ಮೂವರಲ್ಲಿ ಹಿರಿಯರಾದ ಹವಾಲ್ದಾರರು, ಅಡುಗೆಯವರು ಅಂತ ಮೊದಲೇ ಹೇಳಬಾರದಾ, ಪೇಟ ಮೊದಲು ಅವರಿಗೇ ಹೋಗಬೇಕಿತ್ತು ಎಂದು ಗದರಿದರು. ನನಗೆ ಜಂಬವೋ ಜಂಬ.

ಆ ಜಂಬದಲ್ಲೇ ಮಂಜುವನ್ನು ಹಿಡಿದು, ಬಂದೂಕಿನ ಕತೆ ಕಟ್ಟಿದವರು ಯಾರೋ ಎಂದು ಕೇಳಿದೆ.

“ನೀವೇ ಅಮ್ಮಾ. ಈ ಬೀದಿಗೆ ಬಂದ ಹೊಸದ್ರಲ್ಲಿ ನಮ್ಮಮ್ಮನ ಹತ್ರ ಹೇಳಿದ್ರಲ್ಲ. ಅಂಕಲ್ಲೂ ಅಲ್ಲೇ ಇದ್ರು.”

ಇದ್ದರು. ನನ್ನ ಬಂದೂಕಿನ ಕತೆ ಮುಗಿಯುವ ಮೊದಲೇ ಎದ್ದು ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದರು. ಪ್ರತಿ ವರ್ಷ ಕರೆದರೂ ಸನ್ಮಾನಕ್ಕೆ ಯಾಕೆ ಹೋಗುತ್ತಿರಲಿಲ್ಲ ಅನ್ನುವುದು ನನಗೆ ತಿಳಿದದ್ದು ಆಗ, ಪೇಟದ ಜೊತೆ ಅವರಿಗೆಂದು ಕೊಟ್ಟ ಶಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ. ಬಾಯಿ ಬಿಟ್ಟು ಹೇಳುವ ಜಾತಿಯಲ್ಲ, ಸರಿ. ಒಂದು ಕಾಗದ ಬರೆದು ಅಡುಗೆಮನೆಯಲ್ಲಿ ಇಟ್ಟಿದ್ದರೆ ಆಗುತ್ತಿತ್ತು. ಎಷ್ಟೇ ಒತ್ತಕ್ಷರ ಇದ್ದರೂ ಓದುತ್ತಿದ್ದೆ.