ಎಡಮೀಸೆಯ ಕಂಟಿನ್ಯೂಟಿ

ಸುಜ್ಞರಾದ ವಾಚಕ ಮಹಾಶಯರೇ, ದೊಡ್ಡ ಅನಾಹುತಗಳಿಗೆ ದೊಡ್ಡ ಕಾರಣಗಳೇ ಇರಬೇಕೆಂದು ತಾವು ಭಾವಿಸಿದ್ದರೆ, ದಯಮಾಡಿ ಆ ಭಾವನೆಯನ್ನು ಕೈಬಿಡತಕ್ಕದ್ದು. ಒಂದು ಸಂಸಾರವನ್ನೂ ಒಂದು ಕಚೇರಿಯನ್ನೂ ಒಂದೇ ಹಗಲಿನಲ್ಲಿ ಬುಡಮೇಲು ಮಾಡಲು ಒಂದೂವರೆ ಅಕ್ಷರದ ಮಾತು ಸಾಕು. ಆ ಮಾತು ‘ಕಟ್’. ಸಿನಿಮಾದವರ ಬಾಯಲ್ಲಿ ಅದಕ್ಕೆ ‘ನಿಲ್ಲಿಸು’ ಎಂದರ್ಥ. ಕ್ಷೌರದಂಗಡಿಯವನ ಕಿವಿಯಲ್ಲಿ ‘ಶುರುಮಾಡು’ ಎಂದರ್ಥ. ಈ ಎರಡು ಅರ್ಥಗಳು ಒಂದೇ ಕೋಣೆಯಲ್ಲಿ ಎದುರುಬದುರಾದ ಒಂದು ಬೆಳಗ್ಗೆ, ನಡುವೆ ಸಿಕ್ಕಿಬಿದ್ದದ್ದು ಹುರಿಮೀಸೆಯವರ ಮೀಸೆ.

ಹುರಿಮೀಸೆ ಎಂಬುದು ಬೀದಿಯವರು ಇಟ್ಟ ಹೆಸರು. ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಅವರು ಸ್ವಭಾವದಲ್ಲಿ ಇಲಿ. ಮೂಗಿನ ಕೆಳಗೆ ಮಾತ್ರ ಹುಲಿ. ಇಡೀ ದೇಹದಲ್ಲಿ ತಲೆಯೆತ್ತಿ ನಿಂತಿದ್ದದ್ದು ಆ ಮೀಸೆಯ ಎರಡು ತುದಿಗಳು ಮಾತ್ರ. ಮೇಲಧಿಕಾರಿ ಗದರಿದಾಗ ಅವರು ಕುಗ್ಗುತ್ತಿದ್ದರು, ಮೀಸೆ ಕುಗ್ಗುತ್ತಿರಲಿಲ್ಲ. ಹಾಗಾಗಿ ಮಾನ ಹೇಗೋ ಉಳಿದುಕೊಂಡು ಬಂದಿತ್ತು.

ಅವರಿಗೊಬ್ಬಳು ಹದಿನೈದರ ಮಗಳು. ಒಂದು ಕಾಲದಲ್ಲಿ ಅಪ್ಪನ ಹೆಗಲಿನಿಂದ ಇಳಿಯದಿದ್ದವಳು ಈಚೆಗೆ ಅವರೊಡನೆ ಆಡುತ್ತಿದ್ದ ಮಾತು ಎರಡೇ: ‘ಹೂಂ’ ಮತ್ತು ‘ಉಹೂಂ’. ರಜೆ ಬಂದೊಡನೆ ಅವಳು ಹರೆಯದ ಮಕ್ಕಳಿಗಾಗಿ ನಡೆಯುತ್ತಿದ್ದ ಅಭಿನಯ ಹಾಗೂ ಸಿನಿಮಾ ತಯಾರಿಕೆಯ ಬೇಸಿಗೆ ಶಿಬಿರಕ್ಕೆ ಸೇರಿದಳು. ಮರವಾಗಿ ನಿಲ್ಲುವುದು, ಗಾಳಿಯಾಗಿ ಓಡುವುದು, ಕಾರಣವಿಲ್ಲದೆ ಅಳುವುದು, ಇವನ್ನೆಲ್ಲ ಮುಗಿಸಿ ಮಕ್ಕಳು ಗುಂಪು ಗುಂಪಾಗಿ ಪುಟ್ಟ ಸಿನಿಮಾ ಮಾಡುವ ಘಟ್ಟಕ್ಕೆ ಬಂದಿದ್ದರು. ಆಗಲೇ ಒಂದು ರಾತ್ರಿ ಊಟದ ತಟ್ಟೆಯಿಂದ ಕಣ್ಣೆತ್ತಿ ಅವಳು ಕೇಳಿದ್ದು: “ಅಪ್ಪಾ, ನಮ್ಮ ಸಿನಿಮಾಗೆ ನಿನ್ನ ಮೀಸೆ ಬೇಕಿತ್ತು. ಬರ್ತೀಯಾ?”

ಕರೆ ಬಂದದ್ದು ಮೀಸೆಗೇ ಆದರೂ ಅದರ ಹಿಂದೆ ಹೋಗುವ ಭಾಗ್ಯ ತನ್ನದೇ ಅಲ್ಲವೇ ಎಂದು ಹುರಿಮೀಸೆಯವರು ಕೂಡಲೇ ಒಪ್ಪಿಕೊಂಡರು. ಮರುದಿನ ಬೆಳಗ್ಗೆ ಕಚೇರಿಗೆ ಫೋನ್ ಮಾಡಿ, ಹಲ್ಲುನೋವೆಂದು ಹಸಿ ಸುಳ್ಳು ಹೇಳಿ, ಒಂದೆರಡು ಗಂಟೆಯ ಅನುಮತಿ ಪಡೆದು ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತರು.

ಕತೆ ಸರಳವಾಗಿತ್ತು. ಮೀಸೆ ತೆಗೆಸಲು ಬಂದವನೊಬ್ಬ ಕಡೆಯ ಗಳಿಗೆಯಲ್ಲಿ ಮನಸ್ಸಾಗದೆ ಎದ್ದು ಹೋಗುತ್ತಾನೆ. ನಿರ್ದೇಶಕಿ ಮಗಳೇ. ಒಬ್ಬ ಹುಡುಗ ಬೆಳಕು ಬೀಳಿಸಲು ಥರ್ಮೋಕೋಲ್ ಹಲಗೆ ಹಿಡಿದಿದ್ದ. ಒಬ್ಬಳು ಪೊರಕೆಯ ಕೋಲಿಗೆ ಮೈಕು ಕಟ್ಟಿ ಮೀನು ಹಿಡಿಯುವವಳಂತೆ ನಿಂತಿದ್ದಳು. ಅಂಗಡಿಯವನು ಹೊಸ ಅಂಗಿ ತೊಟ್ಟು, ಗಿರಾಕಿಗಳ ಪೌಡರನ್ನೆಲ್ಲ ತಾನೇ ಬಳಿದುಕೊಂಡಿದ್ದ.

“ಅಂಕಲ್, ಕತ್ತರಿ ಮೀಸೆ ಹತ್ರ ಬರ್ಬೇಕು ಅಷ್ಟೇ. ಮುಟ್ಬಾರ್ದು,” ಎಂದಳು ಮಗಳು.

“ಗೊತ್ತಾಯ್ತು ಬಿಡಮ್ಮಾ. ನಾನೇನು ಸಿನಿಮಾ ನೋಡ್ದೋನಲ್ವಾ?”

“ಆಕ್ಷನ್!”

ಕತ್ತರಿ ಬಂತು. ಮೀಸೆ ನಡುಗಿತು. ಹುರಿಮೀಸೆಯವರ ಕಣ್ಣಲ್ಲಿ ಯಾವ ಶಿಬಿರವೂ ಕಲಿಸಲಾರದ ಭಯ ತಾನಾಗಿ ಮೂಡಿತು. ಮಗಳು ಹಿಗ್ಗಿನಿಂದ ಕೂಗಿದಳು: “ಕಟ್!”

ಕಚಕ್.

ಬಲಮೀಸೆ ಎದೆಯ ಮೇಲಿನ ಬಟ್ಟೆಗೆ ಬಿದ್ದು, ಹಲ್ಲಿ ಕಳಚಿಟ್ಟುಹೋದ ಬಾಲದಂತೆ ಒಮ್ಮೆ ಹೊರಳಿ ಮಲಗಿತು.

“ಅಯ್ಯಯ್ಯೋ! ನೀವು ನಿಲ್ಲಿಸ್ಬೇಕಿತ್ತು!”

“ಕಟ್ ಅಂದ್ಮೇಲೆ ನಿಲ್ಸೋದು ಯಾವ ನ್ಯಾಯ ತಾಯೀ? ಅಪ್ಪನ ಕಾಲದಿಂದ ಇದೇ ಕಸುಬು. ಕಟ್ ಅಂದ್ರೆ ಕೈ ನನ್ನ ಮಾತೂ ಕೇಳಲ್ಲ!”

ಹುರಿಮೀಸೆಯವರು ಕನ್ನಡಿ ನೋಡಿದರು. ಕನ್ನಡಿಯೇ ನಾಚಿಕೊಂಡಂತೆ ತೋರಿತು. “ಆದದ್ದಾಯ್ತು. ಉಳಿದದ್ದನ್ನೂ ತೆಗೆದು ಪುಣ್ಯ ಕಟ್ಕೊಳ್ಳಪ್ಪ,” ಎಂದರು.

“ಅಪ್ಪಾ, ಮುಟ್ಟಬೇಡ!” ಎಂದು ಮಗಳು ಅಡ್ಡ ಬಂದಳು. ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು. ಅವಳ ಕಣ್ಣು ಹೊಳೆಯುತ್ತಿತ್ತು. “ಕತೆ ಬದಲಾಯಿಸ್ತೀನಿ. ಇದೇ ಚೆನ್ನಾಗಿದೆ. ಕೊನೇ ಶಾಟ್ ಒಂದು ಬಾಕಿ ಇದೆ. ಆದ್ರೆ ಶಿಬಿರಕ್ಕೆಲ್ಲ ಒಂದೇ ಕ್ಯಾಮೆರಾ, ಈಗ ಬೇರೆ ಗುಂಪಿಗೆ ಕೊಡ್ಬೇಕು. ನಮ್ಮ ಸರದಿ ಮತ್ತೆ ಬರೋದು ಸಂಜೆ. ಅಲ್ಲೀವರೆಗೂ ನೀನು ಹೀಗೇ ಇರ್ಬೇಕು. ಕಂಟಿನ್ಯೂಟಿ!”

“ಏನು ಟೀ?”

“ಕಂಟಿನ್ಯೂಟಿ ಅಪ್ಪಾ. ಹಿಂದಿನ ಶಾಟ್‌ನಲ್ಲಿ ಇದ್ದದ್ದು ಮುಂದಿನದರಲ್ಲೂ ಹಾಗೇ ಇರ್ಬೇಕು. ಇಲ್ಲಾಂದ್ರೆ ಸಿನಿಮಾ ಸತ್ತುಹೋಯ್ತು. ನಾಳೆ ಎಲ್ಲರೆದುರು ತೋರಿಸ್ಬೇಕು. ಸಂಜೆವರೆಗೆ ಈ ಎಡಮೀಸೆ ನಿನ್ನದಲ್ಲ, ನಂದು. ಪ್ಲೀಸ್ ಅಪ್ಪ.”

ಒಂದು ವರ್ಷದ ‘ಹೂಂ’, ‘ಉಹೂಂ’ಗಳ ಬರಗಾಲದಲ್ಲಿ ಇಷ್ಟುದ್ದದ ಮಾತು! ಹುರಿಮೀಸೆಯವರು ಆ ಕ್ಷಣದಲ್ಲಿ ಎಡಮೀಸೆಯನ್ನಲ್ಲ, ಎಡಗೈಯನ್ನೇ ಬರೆದುಕೊಡುತ್ತಿದ್ದರು. “ಆಯ್ತು ಕಂದಾ,” ಎಂದರು. ಎದ್ದು ಹೊರಗೆ ಬಂದ ಮೇಲಷ್ಟೇ ಸಂಜೆ ಎಷ್ಟು ದೂರವಿದೆಯೆಂಬುದು ಅರಿವಿಗೆ ಬಂತು.

ಮನೆಯಲ್ಲಿ ಹೆಂಡತಿ ಬಾಗಿಲು ತೆರೆದವಳು ತೆರೆದ ಬಾಯಿ ಮುಚ್ಚಲಿಲ್ಲ.

“ರೀ, ಯಾವ ಕಡೆ ನಿಂತು ಮಾತಾಡ್ಲಿ? ಈ ಕಡೆಯಿಂದ ನೋಡಿದ್ರೆ ನನ್ನ ಗಂಡ, ಆ ಕಡೆಯಿಂದ ನೋಡಿದ್ರೆ ಮೀಸೆ ಇಲ್ಲದ ನಿಮ್ಮ ತಮ್ಮ!”

“ಮೆಲ್ಲಗೆ ಮಾತಾಡೇ ಮಾರಾಯ್ತಿ, ಪಕ್ಕದ ಮನೆಯವರಿಗೆ ಕೇಳುತ್ತೆ.”

ಕೇಳಿತ್ತು. ಪಕ್ಕದ ಮನೆಯವರು ನಿವೃತ್ತ ಗಣಿತದ ಮೇಷ್ಟ್ರು. ಅವರು ಕಿಟಕಿಯಿಂದ ಒಮ್ಮೆ ನೋಡಿ ಮಾಯವಾದರು. ಮರಳಿ ಬಂದಾಗ ಒಂದು ಕೈಯಲ್ಲಿ ರೇಜರ್, ಇನ್ನೊಂದು ಕೈಯಲ್ಲಿ ನೊರೆಯ ಬಟ್ಟಲು.

“ಕೂತ್ಕೋಳಯ್ಯಾ. ಅರ್ಧಕ್ಕೆ ಬಿಟ್ಟ ಲೆಕ್ಕ ನೋಡಿದ್ರೆ ನನಗೆ ಅನ್ನ ಇಳಿಯಲ್ಲ.”

“ಬೇಡ ಮೇಷ್ಟ್ರೇ, ಇದು ಬೇಕಂತಲೇ ಇಟ್ಟಿರೋದು.”

“ಬೇಕಂತ ಯಾರಾದ್ರೂ ಅರ್ಧ ಮೀಸೆ ಇಡ್ತಾರಾ? ಎಡಗಡೆ ಎಷ್ಟೋ ಬಲಗಡೇನೂ ಅಷ್ಟೇ ಇರ್ಬೇಕು. ಅದೇ ಸಮೀಕರಣ! ಏಯ್, ಎಲ್ಲಿಗೆ ಓಡ್ತೀಯ? ಸೊನ್ನೆ ಆದ್ರೂ ಪರವಾಗಿಲ್ಲ, ಸಮ ಆಗ್ಲಿ!”

ಮೇಷ್ಟ್ರು ನೊರೆ ಚೆಲ್ಲುತ್ತ ಬೀದಿಯ ತಿರುವಿನವರೆಗೂ ಬೆನ್ನಟ್ಟಿದರು. ಲೋಕವು ಇಡೀ ಮೀಸೆಯನ್ನು ಸಹಿಸುತ್ತದೆ, ಬೋಳು ತುಟಿಯನ್ನೂ ಸಹಿಸುತ್ತದೆ. ಅರ್ಧ ಮೀಸೆ ಕಂಡರೆ ಮಾತ್ರ ಅದರ ಕೈ ಕತ್ತರಿಯನ್ನು ಹುಡುಕುತ್ತದೆ. ಈ ಸತ್ಯವನ್ನು ಓಡುತ್ತೋಡುತ್ತಲೇ ಅರಿತ ಹುರಿಮೀಸೆಯವರು ಕರವಸ್ತ್ರವನ್ನು ಮೂಗಿನ ಕೆಳಗೆ ಕಟ್ಟಿಕೊಂಡು ಕಚೇರಿ ಸೇರಿದರು. ಹಲ್ಲುನೋವಿನ ಸುಳ್ಳಿಗೂ ಕರವಸ್ತ್ರಕ್ಕೂ ಚೆನ್ನಾಗಿಯೇ ಹೊಂದಿಕೆಯಾಯಿತು.

ಚೆನ್ನಾಗಿ ಆದದ್ದೇ ತಪ್ಪಾಯಿತು. ಟೈಪಿಸ್ಟ್ ಅಮ್ಮ ಲವಂಗ ತಂದರು. “ಬಾಯಿ ತೆಗೀರಿ ಸಾರ್, ನಾನೇ ಇಡ್ತೀನಿ.” ಹುರಿಮೀಸೆಯವರು ತಲೆಯಾಡಿಸಿ ಲವಂಗವನ್ನು ಕಿಸೆಗೆ ಇಳಿಸಿದರು. ಕ್ಯಾಷಿಯರ್ ಅವರ ಭಾವ ಹಲ್ಲಿನ ಡಾಕ್ಟರಂತೆ. ಕರೆಯುತ್ತೇನೆಂದು ಫೋನ್ ಎತ್ತಿದರು. ಬೇಡವೆಂದು ಎರಡು ಕೈಯಲ್ಲೂ ಸನ್ನೆ ಮಾಡಹೊರಟ ಆ ಗಳಿಗೆಯಲ್ಲೇ ಲವಂಗದ ಘಾಟು ಮೂಗಿಗೆ ಹತ್ತಿತು. ಹುರಿಮೀಸೆಯವರು ಸೀನಿದರು. ಗಂಟು ಸಡಿಲವಾಗಿದ್ದ ಕರವಸ್ತ್ರ ಹಾರಿ ಫ್ಯಾನಿನ ಗಾಳಿಗೆ ಸಿಕ್ಕಿ, ಫೈಲುಗಳ ಮೇಲೆ ಬಿಳಿ ಬಾವುಟದಂತೆ ಇಳಿಯಿತು.

ಟೈಪು ಯಂತ್ರ ನಿಂತಿತು. ಎಲ್ಲ ಕಣ್ಣುಗಳೂ ಒಂದೇ ತುಟಿಯ ಮೇಲೆ ನೆಟ್ಟವು.

ಮೊದಲು ಬಾಯಿಬಿಟ್ಟವರು ಸಿಬ್ಬಂದಿ ಸಂಘದ ಕಾರ್ಯದರ್ಶಿ. ಕಂಡದ್ದಕ್ಕೆಲ್ಲ ಧಿಕ್ಕಾರ ಕೂಗುತ್ತಿದ್ದುದರಿಂದ ಅವರಿಗೆ ಧಿಕ್ಕಾರಪ್ಪ ಎಂಬ ಬಿರುದಿತ್ತು. ಹಿಂದಿನ ವಾರವಷ್ಟೇ ಮೇಲಧಿಕಾರಿಗಳು ಒಂದು ಗಂಟೆಯ ಊಟದ ಬಿಡುವನ್ನು ಅರ್ಧ ಗಂಟೆಗೆ ಇಳಿಸಿದ್ದರು. ಅದನ್ನು ಹೇಗೆ ಪ್ರತಿಭಟಿಸುವುದೆಂದು ಹೊಳೆಯದೆ ಧಿಕ್ಕಾರಪ್ಪ ಸೊರಗಿಹೋಗಿದ್ದರು. ಈಗ ಅವರ ಕಣ್ಣು ತುಂಬಿ ಬಂತು.

“ಅರ್ಧ ಬಿಡುವಿಗೆ ಅರ್ಧ ಮೀಸೆ! ಆಹಾ! ಇಷ್ಟು ದಿನ ನಮ್ಮ ಮಧ್ಯೆ ಇದ್ದು ಒಂದು ಮಾತೂ ಆಡ್ಲಿಲ್ವಲ್ಲ ಸ್ವಾಮೀ ನೀವು!”

“ಅದಲ್ಲ, ಇದು ನನ್ನ ಮಗಳು—”

“ಕೇಳಿದ್ರಾ? ಮಗಳ ಮುಖ ನೆನೆಸ್ಕೊಂಡು ಮಾಡಿದಾರೆ! ನಾವು ಅರ್ಧಂಬರ್ಧ ನುಂಗಿ ಹೊಟ್ಟೆ ಕೆಡಿಸ್ಕೊಂಡ್ರೆ ನಮ್ಮ ಮಕ್ಕಳ ಗತಿ ಏನು?”

ನಿಜ ಹೇಳಿಬಿಡಬಹುದಿತ್ತು. ಆದರೆ ಸಿನಿಮಾದ ಮಾತೆತ್ತಿದರೆ ಹಲ್ಲುನೋವಿನ ಬಣ್ಣ ಬಯಲಾಗುತ್ತಿತ್ತು. ಹುರಿಮೀಸೆಯವರು ಬಾಯಿ ತೆರೆದು, ಮುಚ್ಚಿ, ಕುಳಿತರು. ಅದನ್ನು ಎಲ್ಲರೂ ಧೀರ ಮೌನವೆಂದು ತಿಳಿದರು.

ಮುಂದಿನದು ಸಾಂಕ್ರಾಮಿಕದಂತೆ ಹಬ್ಬಿತು. ಒಬ್ಬೊಬ್ಬರೇ ಕೈತೊಳೆಯುವ ಕೋಣೆಗೆ ಹೋಗುವುದು, ಬಲಮೀಸೆ ಬೋಳಿಸಿಕೊಂಡು ಬರುವುದು. ಮೀಸೆಯೇ ಇಲ್ಲದ ಕ್ಯಾಷಿಯರ್ ಸಂಘನಿಷ್ಠೆ ತಡೆಯಲಾರದೆ ಒಂದು ಹುಬ್ಬು ತೆಗೆದುಕೊಂಡರು. ಟೈಪಿಸ್ಟ್ ಅಮ್ಮ ಒಂದು ಕಿವಿಯ ಓಲೆ ಕಳಚಿಟ್ಟರು. ಮಧ್ಯಾಹ್ನದ ವೇಳೆಗೆ ಆ ಕಚೇರಿ ಒಂದು ಬದಿಯಿಂದ ನೋಡಿದರೆ ಒಂದು ಕಚೇರಿ, ಇನ್ನೊಂದು ಬದಿಯಿಂದ ನೋಡಿದರೆ ಇನ್ನೊಂದು. ಹುರಿಮೀಸೆಯವರು ಮಾತ್ರ ಕಿಟಕಿಯ ಬಿಸಿಲನ್ನೇ ನೋಡುತ್ತಿದ್ದರು. ಅದು ಹಳದಿಯಾಗುತ್ತಿತ್ತು. ಮಗಳ ಸರದಿ ಹತ್ತಿರವಾಗುತ್ತಿತ್ತು.

ಅಷ್ಟರಲ್ಲಿ ಮೇಲಧಿಕಾರಿಗಳ ಕರೆ ಬಂತು. ಅವರ ಕೋಣೆಗೆ ಹೊಸ ಜಮಖಾನ ಹಾಸಿದ್ದರಿಂದ ಬೂಟು ಹೊರಗೇ ಬಿಡಬೇಕು. ಹುರಿಮೀಸೆಯವರೂ ಧಿಕ್ಕಾರಪ್ಪನವರೂ ಬೂಟು ಕಳಚಿ ಒಳಗೆ ಹೋದರು.

“ಏನ್ರೀ ಇದು? ಕಚೇರೀನೋ ಸರ್ಕಸ್ಸೋ?” ಎಂದು ಗದರಿದ ಅಧಿಕಾರಿಗಳು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ನಾಳೆ ಹೆಡ್ ಆಫೀಸಿನವರು ಬಂದು ನೋಡಿದ್ರೆ ನನ್ನ ಗತಿ? ಕೇಳಿ, ಬಿಡುವಿಗೆ ಕಾಲು ಗಂಟೆ ಸೇರಿಸ್ತೀನಿ. ಆದ್ರೆ ನೀವು ಈಗ, ಇಲ್ಲೇ, ಅದನ್ನ ತೆಗೀಬೇಕು.” ಡ್ರಾಯರಿನಿಂದ ಅವರು ತಮ್ಮ ಸ್ವಂತ ಶೇವಿಂಗ್ ಯಂತ್ರ ತೆಗೆದು ಗುಂಡಿಯೊತ್ತಿದರು. ಅದು ಜೀರುಂಡೆಯಂತೆ ಗುಂಯ್‌ಗುಟ್ಟುತ್ತ ಹತ್ತಿರ ಬಂತು.

“ಕಾಲು ಗಂಟೆ ಕೆಟ್ಟದ್ದೇನಲ್ಲ, ಒಪ್ಕೊಳ್ಳಿ,” ಎಂದು ಧಿಕ್ಕಾರಪ್ಪ ಕಿವಿಯಲ್ಲಿ ಪಿಸುಗುಟ್ಟಿದರು.

ಹುರಿಮೀಸೆಯವರ ಕಣ್ಣ ಮುಂದೆ ‘ಪ್ಲೀಸ್ ಅಪ್ಪ’ ಎಂದ ಮುಖ ಬಂತು. ಸೇವೆಗೆ ಸೇರಿದಂದಿನಿಂದ ಆಡದಿದ್ದ ಮಾತು ಬಾಯಿಂದ ಹೊರಟಿತು: “ಆಗಲ್ಲ ಸಾರ್.”

“ಏನಂದ್ರಿ?”

“ಪೂರ್ತಿ ಆಗೋವರೆಗೂ ಇದನ್ನ ಮುಟ್ಟೋ ಹಾಗಿಲ್ಲ ಸಾರ್.”

“ಪೂರ್ತೀನಾ?”

“ಪೂರ್ತಿ!” ಎಂದವರೇ, ಬೆಕ್ಕಿನ ಬಾಯಿಂದ ತಪ್ಪಿಸಿಕೊಂಡವರಂತೆ ಹೊರಗೆ ನುಗ್ಗಿ, ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು, ಬೀದಿಗೆ ಬಿದ್ದು ಓಡಿದರು.

ಕ್ಷೌರದಂಗಡಿಯ ಮುಂದೆ ಕ್ಯಾಮೆರಾ ಸಿದ್ಧವಾಗಿತ್ತು. ಹುರಿಮೀಸೆಯವರು ಏದುಸಿರು ಬಿಡುತ್ತ, ಸೇನಾಪತಿ ಕೋಟೆಯನ್ನು ಒಪ್ಪಿಸುವಂತೆ ತುಟಿಯನ್ನು ಮುಂದೆ ಮಾಡಿ ನಿಂತರು.

“ನೋಡು ಮಗಳೇ! ಒಂದು ಕೂದಲೂ ಕೊಂಕಿಲ್ಲ!”

ಮಗಳು ಮೀಸೆಯ ಕಡೆ ನೋಡಲೇ ಇಲ್ಲ. “ಅಪ್ಪಾ, ಶಾಟ್ ಬದಲಾಯ್ತು. ನೋವನ್ನ ಮುಖದಲ್ಲಿ ತೋರಿಸೋದು ಹಳೇ ಕಾಲದ್ದು ಅಂದ್ರು ನಮ್ಮ ಶಿಬಿರದ ಸಾರ್. ಕಾಲು ಮಾತ್ರ ತೋರಿಸ್ತೀವಿ. ಅಂಗಡಿಯಿಂದ ನಿಧಾನಕ್ಕೆ ಇಳಿದು ಹೋಗೋ ಕಾಲು. ಬೆಳಗ್ಗೆ ಕುರ್ಚಿ ಹತ್ತುವಾಗ ಕಾಲು ಚೆನ್ನಾಗಿ ಬಂದಿದೆ, ಕಪ್ಪು ಬೂಟು...”

ಅವಳ ಮಾತು ನಿಂತಿತು. ಹುರಿಮೀಸೆಯವರೂ ಕೆಳಗೆ ನೋಡಿದರು. ಎಡಗಾಲಿನಲ್ಲಿ ತಮ್ಮದೇ ಕಪ್ಪು ಬೂಟು. ಬಲಗಾಲಿನಲ್ಲಿ ಧಿಕ್ಕಾರಪ್ಪನವರ ಕಂದು ಬೂಟು.

“ಕಂಟಿನ್ಯೂಟಿ,” ಎಂದಳು ಮೈಕು ಹಿಡಿದವಳು, ಸತ್ತವರ ಮನೆಯ ದನಿಯಲ್ಲಿ.

“ನಾನು... ಮೀಸೆ ಕಾಯೋ ಗಡಿಬಿಡೀಲಿ...”

“ಉಹೂಂ,” ಎಂದಳು ಮಗಳು. ಅಷ್ಟೇ. ಇಡೀ ದಿನದ ರೇಜರುಗಳು ಮಾಡಲಾಗದ ಗಾಯವನ್ನು ಆ ಒಂದು ‘ಉಹೂಂ’ ಮಾಡಿತು. ಬೆಳಕು ಹೋಗುತ್ತಿತ್ತು. ಕಡೆಗೆ ಥರ್ಮೋಕೋಲ್ ಹುಡುಗನ ಕಪ್ಪು ಬೂಟನ್ನು, ಅದು ಹುರಿಮೀಸೆಯವರ ಪಾದಕ್ಕೆ ಹತ್ತದ ಕಾರಣ, ಅಂಗಡಿಯವನ ಕಾಲಿಗೆ ತುರುಕಿ ನಡೆಸಿದರು. ಬೂಟು ಬಿಗಿಯಾಗಿ ಕಚ್ಚುತ್ತಿದ್ದುದರಿಂದ ಆತನ ನಡಿಗೆಯಲ್ಲಿ ಎಂಥ ನೋವು ಕಾಣಿಸಿತೆಂದರೆ, ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಹುರಿಮೀಸೆಯವರು ಯಾರೂ ಕರೆಯದೆಯೇ ಹೋಗಿ ಕುರ್ಚಿಯಲ್ಲಿ ಕುಳಿತರು. “ಇನ್ನಾದ್ರೂ ತೆಗಿಯಪ್ಪ.” ಅಂಗಡಿಯವನು ಕುಂಟುತ್ತ ಬಂದು ನೊರೆ ಹಚ್ಚಿದ. ತಣ್ಣನೆಯ ರೇಜರ್ ಎಡತುಟಿಗೆ ತಾಗಿತು.

“ನಿಲ್ಸೀ!”

ಬಾಗಿಲಲ್ಲಿ ಧಿಕ್ಕಾರಪ್ಪ, ಅವರ ಹಿಂದೆ ಅರ್ಧ ಮೀಸೆಗಳ ಇಡೀ ಮೆರವಣಿಗೆ.

“ಕೈ ತೆಗೀರೀ ಅಲ್ಲಿಂದ! ನಮ್ಮ ನಾಯಕರ ಮೀಸೆ ಅದು! ಸ್ವಾಮೀ, ನೀವು ‘ಪೂರ್ತಿ’ ಅಂದು ಹೊರಟ ಗತ್ತಿಗೆ ಸಾಹೇಬ್ರು ತತ್ತರಿಸಿಹೋದ್ರು. ಹೆಡ್ ಆಫೀಸಿಗೆ ಬರೆದಿದಾರೆ. ಉತ್ತರ ಬರೋಕೆ ಇನ್ನೆರಡು ತಿಂಗಳಾದ್ರೂ ಬೇಕಂತೆ. ಅಲ್ಲೀವರೆಗೂ ಯಾರೂ ಮುಟ್ಟೋ ಹಾಗಿಲ್ಲ ಅಂತ ಆಣೆ ಮಾಡಿ ಬಂದಿದೀವಿ. ನಾಯಕರಿಗೆ!”

“ಜೈ!”

ಹುರಿಮೀಸೆಯವರು ನೊರೆಯೊಳಗಿಂದ ದೈನ್ಯವಾಗಿ ಮಗಳ ಕಡೆ ನೋಡಿದರು. ಅವಳು ಎರಡೂ ಕೈಗಳ ಬೆರಳುಗಳನ್ನು ಚೌಕಟ್ಟು ಮಾಡಿ, ಆ ಜನಜಂಗುಳಿಯನ್ನೂ ನಡುವೆ ಕುಳಿತ ಅಪ್ಪನನ್ನೂ ಅದರೊಳಗಿಟ್ಟು ನೋಡುತ್ತಿದ್ದಳು. ಅವಳ ಕಣ್ಣು ಮತ್ತೆ ಹೊಳೆಯಿತು.

“ಅಪ್ಪಾ,” ಎಂದಳು ಹತ್ತಿರ ಬಂದು, ಮೆಲ್ಲಗೆ, “ಇದೇ ನನ್ನ ಮುಂದಿನ ಸಿನಿಮಾ. ರಜೆ ಮುಗಿಯೋವರೆಗೂ ಹೀಗೇ ಇರ್ತೀಯಾ? ಪ್ಲೀಸ್.”

ಹುರಿಮೀಸೆಯವರು ಕನ್ನಡಿಯ ಕಡೆ ನೋಡಿದರು, ರೇಜರಿನ ಕಡೆ ನೋಡಿದರು, ಮಗಳ ಕಡೆ ನೋಡಿದರು. ಟವೆಲ್ ತೆಗೆದುಕೊಂಡು ನೊರೆಯನ್ನು ತಾವೇ ಒರೆಸಿಕೊಂಡರು.

“ಹೂಂ,” ಎಂದರು.

ಧಿಕ್ಕಾರಪ್ಪನವರ ಉತ್ಸಾಹ ಮಾತ್ರ ಅಷ್ಟಕ್ಕೆ ತಣಿಯಲಿಲ್ಲ. “ಇದು ಇನ್ನು ಕಚೇರಿಯ ಹೋರಾಟ ಅಲ್ಲ, ಜನರ ಹೋರಾಟ! ಇಲ್ಲಿ ಪೂರ್ತಿ ಮೀಸೆ ಇಟ್ಕೊಂಡು ಕೂತಿರೋರು ಯಾರ್ಯಾರು?” ಎಂದು ಅವರು ಅಂಗಡಿಯ ಬೆಂಚಿನ ಕಡೆ ತಿರುಗಿದರು. ಆ ಬೆಂಚಿನ ಮೇಲೆ ಸರದಿ ಕಾಯುತ್ತ ಕುಳಿತಿದ್ದ ಪೂರ್ತಿ ಮೀಸೆ ಒಂದೇ, ಮತ್ತು ಅದು ಈ ಕತೆಗಾರನದು. ಆದ್ದರಿಂದ, ಮಹಾಶಯರೇ, ಪುಸ್ತಕವನ್ನು ಚೀಲಕ್ಕೆ ತುರುಕಿ, ಹಿಂಬಾಗಿಲಿನಿಂದ ಇಳಿದು, ಮುಂದಿನ ಊರಿನ ದಾರಿ ಹಿಡಿದಿದ್ದೇನೆ.