ಹೋಗು, ಹೋಗಬೇಡ

ಗೇಜಣ್ಣ ಬಾಯಿ ತುಂಬ ‘ಹೋಯ್ತು’ ಅಂದದ್ದೇ ಎಲ್ಲ ಫಜೀತಿಗೂ ಮೂಲ.

ಬಂದೂಕು ರಿಪೇರಿ ಶೆಡ್ಡಿನಲ್ಲಿ ಅವನದು ಸವೆತ ನೋಡುವ ಕೆಲಸ. ಅದಕ್ಕೆ ಗುಂಡಿನ ತೋಟಾದ ಆಕಾರದ ಎರಡು ಉಕ್ಕಿನ ಗೇಜುಗಳು. ಒಂದರ ಹೆಸರು ‘ಹೋಗು’, ಕೂದಲೆಳೆಯಷ್ಟು ಉದ್ದ ಹೆಚ್ಚಿದ್ದ ಇನ್ನೊಂದು ‘ಹೋಗಬೇಡ’. ‘ಹೋಗು’ ಇಟ್ಟರೆ ರೈಫಲ್ಲಿನ ಅಗುಳಿಯಂಥ ಬೋಲ್ಟು ಸಲೀಸಾಗಿ ಮುಚ್ಚಬೇಕು. ‘ಹೋಗಬೇಡ’ ಇಟ್ಟರೆ ಮುನಿಸಿಕೊಂಡ ಅಳಿಯನಂತೆ ಬಾಗಿಲಲ್ಲೇ ಬಿಗಿದು ನಿಲ್ಲಬೇಕು. ಆಗಲೂ ಮುಚ್ಚಿತೋ, ಒಳಗೆ ಸವೆದಿದೆ ಎಂದರ್ಥ. ಹಾರಿಸಿದವನ ಮೂತಿಗೇ ಅಪಾಯ.

ಅಂದು ಅವನು ಬೇಗ ಹೊರಡಬೇಕಿತ್ತು. ಭಾವಮೈದುನನ ಹಜಾರದಲ್ಲಿ, ಹೊಲಿಗೆ ಯಂತ್ರಕ್ಕೂ ಅತ್ತೆಯ ಗೊರಕೆಗೂ ನಡುವೆ ವರ್ಷವಿಡೀ ಮಲಗಿದ್ದ ಗಂಡಹೆಂಡಿರಿಗೆ ಕೊನೆಗೊಂದು ಬಾಡಿಗೆ ಮನೆ ಕಣ್ಣಿಗೆ ಬಿದ್ದಿತ್ತು. ಮನೆಯೊಡತಿಯದು ಒಂದೇ ಮಾತು: ಯಜಮಾನರು ಖುದ್ದಾಗಿ ಬರಬೇಕು, ಮೊದಲು ಬಂದವರಿಗೆ ಕೀಲಿ.

“ರೀ, ಇವತ್ತೂ ಲೇಟಾದ್ರೆ ಆ ಶೆಡ್ಡಲ್ಲೇ ಮಲ್ಕೊಳ್ಳಿ,” ಎಂದು ಹೆಂಡತಿ ಬೆಳಿಗ್ಗೆಯೇ ಗುಂಡು ಹಾರಿಸಿದ್ದಳು.

ಆದ್ದರಿಂದ ಗೇಜಣ್ಣ ತಲೆ ಎತ್ತದೆ ‘ಹೋಗು’ ಇಟ್ಟು “ಹೋಯ್ತು!” ಎನ್ನುತ್ತ, ‘ಹೋಗಬೇಡ’ ಇಟ್ಟು “ಹೋಗ್ಲಿಲ್ಲ!” ಎನ್ನುತ್ತ ಸಾಗಿದ. ಹಿಂದಿನಿಂದ ದಾರ ಕಟ್ಟುತ್ತಿದ್ದವರು ವ್ಯಾಕರಣಪ್ಪ. ಮೇಷ್ಟರಾಗಲು ಹೊರಟು ಉಗ್ರಾಣ ಸೇರಿದವರು. ಒಳ್ಳೆಯದಕ್ಕೆ ಹಸಿರು ದಾರ, ಕೆಟ್ಟದ್ದಕ್ಕೆ ಕೆಂಪು. ಗೇಜಣ್ಣ ತಿರುಗಿ ನೋಡಿದರೆ ಇಡೀ ಸಾಲು ಮೆಣಸಿನಕಾಯಿ ಒಣಹಾಕಿದಂತೆ ಕೆಂಪಗಿತ್ತು!

“ಏನ್ರೀ ಇದು?”

“ನೀನೇ ಅಂದ್ಯಲ್ಲಪ್ಪ, ಹೋಯ್ತು ಹೋಯ್ತು ಅಂತ! ನನ್ನ ಹಲ್ಲು ಹೋಯ್ತು, ನಮ್ಮನೆ ರೇಡಿಯೋ ಹೋಯ್ತು, ಹಂಗೇ ಇದೂ ಹೋಯ್ತು. ಹೋಯ್ತು ಅಂದ್ರೆ ಭೂತಕಾಲ. ಭೂತ ಆಗಿದ್ದಕ್ಕೆ ಕೆಂಪು.”

“ಅಯ್ಯೋ, ಗೇಜು ಒಳಗೆ ಹೋಯ್ತು ಅಂದಿದ್ದು!”

“ಕರ್ತೃಪದ ನುಂಗಿದ್ರೆ ನನಗೇನು ಕನಸು ಬೀಳುತ್ತಾ?”

ಮತ್ತೆ ಮೊದಲಿನಿಂದ. ಈ ಸಲ ಒಪ್ಪಂದವಾಯಿತು: ಒಳ್ಳೆಯದಕ್ಕೆ ‘ಸರಿ’, ಕೆಟ್ಟದ್ದಕ್ಕೆ ‘ಬೇಡ’.

ಗೇಜಣ್ಣ ಬಗ್ಗಿ “ಸರಿ!” ಎಂದ. ಬೆನ್ನ ಹಿಂದೆ ಯಾರೋ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. “ಸರಿ!” ಇನ್ನೊಂದು ಹೆಜ್ಜೆ. “ಸರಿ! ಸರಿ!” ಧಡಾರ್! ದಪ್ಪ ಮೀಸೆಯ ಅಪರಿಚಿತರೊಬ್ಬರು ಎಣ್ಣೆ ತಟ್ಟೆಯಲ್ಲಿ ಕೂತಿದ್ದರು.

“ಇನ್ನೂ ಎಷ್ಟಯ್ಯಾ ಸರಿಯೋದು? ಹಿಂದೆ ಗೋಡೆ ಇದೆ!”

ವ್ಯಾಕರಣಪ್ಪ ಕಿವಿಯಲ್ಲಿ ಉಸುರಿದರು: “ಇವತ್ತೇ ವರ್ಗವಾಗಿ ಬಂದ ಹೊಸ ಸಾಹೇಬ್ರು ಕಣೋ! ವಿಧ್ಯರ್ಥದಲ್ಲಿ, ಅದೂ ಏಕವಚನದಲ್ಲಿ ಅಂದ್ಬಿಟ್ಯಲ್ಲೋ!”

ಗೇಜಣ್ಣ ಗೇಜು ಕೆಳಗಿಟ್ಟು ಕೈಮುಗಿದ. ಆದರೆ ಸಾಹೇಬರು ದೇವರಂಥವರು. ಪ್ಯಾಂಟು ಒರೆಸಿಕೊಳ್ಳುತ್ತ, “ಯಾಕಪ್ಪಾ ಇಷ್ಟು ಅವಸರ?” ಎಂದರು. ಅಷ್ಟಕ್ಕೇ ಗೇಜಣ್ಣ ಬೆಣ್ಣೆಯಂತೆ ಕರಗಿದ. ಗೊರಕೆಯಿಂದ ಹಿಡಿದು ಎಲ್ಲ ಒಪ್ಪಿಸಿದ.

“ಎಂಥಾ ಮನೆ ಅಂತೀರಾ ಸಾರ್! ಎರಡೂ ಕಡೆ ಕಿಟಕಿ, ದಿನವೆಲ್ಲಾ ನೀರು. ಇಲ್ಲಿಂದ ನಡ್ಕೊಂಡೇ ಹೋಗ್ಬಹುದು, ಗಡಿಯಾರದಂಗಡಿ ಹಿಂದೆ ಹಸಿರು ಗೇಟು. ಮೊದಲು ಹೋದವರಿಗೆ ಕೀಲಿಯಂತೆ!”

“ಪಾಪ, ಪಾಪ,” ಎಂದರು ಸಾಹೇಬರು. “ಈ ಸಾಲು ಮುಗ್ಸಿ ಹೊರಡು. ಆದ್ರೆ ಆತುರ ಬೇಡಪ್ಪ, ಯಾರದೋ ಜೀವದ ಪ್ರಶ್ನೆ. ಒಂದೊಂದನ್ನೂ ನಿಧಾನವಾಗಿ ನೋಡು.”

ಗೇಜಣ್ಣ ನಿಧಾನವಾಗಿಯೇ ನೋಡಿದ. ಸವೆದ ಎರಡು ರೈಫಲ್ಲುಗಳನ್ನು ಹಿಡಿದು ಪಕ್ಕಕ್ಕಿಟ್ಟ. ಆಮೇಲೆ ಓಟ ಕಿತ್ತ ರಭಸಕ್ಕೆ ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು.

ಹಸಿರು ಗೇಟಿನ ಬಳಿ ಸಾಮಾನು ತುಂಬಿದ ಲಾರಿ. ಅದರ ಪಕ್ಕದಲ್ಲಿ ಕೈಕಟ್ಟಿ ನಿಂತ ಹೆಂಡತಿ.

“ಬಂದ್ರಾ ಮಹಾರಾಯರು? ಯಾರೋ ಬಂದು ಕೀಲಿ ಇಸ್ಕೊಂಡಾಯ್ತು. ನಮ್ಮೆಜಮಾನ್ರು ದಾರೀಲಿದಾರೆ ಅಂತ ಬಡ್ಕೊಂಡೆ. ಅದಕ್ಕೆ ಅವರು, ‘ಇಲ್ಲಮ್ಮ, ಅವರು ಬರೋದು ತಡ ಆಗುತ್ತೆ’ ಅಂದ್ರು ಕಣ್ರೀ! ಅವರಿಗೆ ಹೆಂಗೆ ಗೊತ್ತು?”

ಲಾರಿಯ ಹಿಂದಿನಿಂದ ಮೊದಲು ದಪ್ಪ ಮೀಸೆ ಬಂತು, ಆಮೇಲೆ ಸಾಹೇಬರು.

“ಓಹೋ, ಬಂದ್ಯಾ! ಒಳ್ಳೇ ಹೊತ್ತಿಗೆ ಬಂದೆ,” ಎಂದರು ಅಕ್ಕರೆಯಿಂದ. “ಈ ಬೀರುವಿನ ಆ ತುದಿ ಹಿಡ್ಕೋ. ಬೆನ್ನು ಜೋಪಾನ.”